ಬಸ್ಸು ಹತ್ತಿದ ಕಿಟಕಿ

ನಮ್ಮ ಮನೆಯಲ್ಲಿದ್ದ ಟಿಕೆಟುಗಳೆಲ್ಲ ಬೇರೆಯವರವು. ಬೇರೆಯವರು ಹತ್ತಿದ ಬಸ್ಸು, ಬೇರೆಯವರು ಇಳಿದ ರೈಲು, ಬೇರೆಯವರು ನೋಡಿ ಬಂದ ಅರಮನೆ. ಕುಶಾಲನಗರದಿಂದ ಸಿದ್ದಾಪುರಕ್ಕೆ ಹೋಗುವ ರಸ್ತೆಯಲ್ಲಿ, ದುಬಾರೆಯ ಆನೆ ಶಿಬಿರಕ್ಕೆ ತಿರುಗುವ ಕಡೆ ನಮ್ಮ ಮನೆ ಇತ್ತು. ಅಪ್ಪ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಮನೆಯ ಜಗಲಿಯೇ ಅವ್ವನ ಚಾ ಅಂಗಡಿ. ಆನೆ ನೋಡಲು ಬಂದವರು ಅಲ್ಲಿ ಕೂತು ಚಾ ಕುಡಿದು, ಜೇಬು ಕೊಡವಿಕೊಂಡು ಹೋಗುತ್ತಿದ್ದರು. ಅವರು ಉದುರಿಸಿದ್ದೆಲ್ಲ ನನ್ನ ಆಸ್ತಿ. ಮೈಸೂರಿನ ಮೃಗಾಲಯದ ಟಿಕೆಟು, ಊಟಿಯ ಚಾಕೊಲೇಟಿನ ಬೆಳ್ಳಿ ಕಾಗದ, ಮಲಯಾಳದ ಅಕ್ಷರವಿದ್ದ ಬೆಂಕಿಪೊಟ್ಟಣ, ತಮಿಳು ವಾರಪತ್ರಿಕೆಯ ಅರ್ಧ ಪುಟ, ದಪ್ಪ ರಟ್ಟಿನ ರೈಲು ಟಿಕೆಟು. ಉದುರದಿದ್ದರೆ ಅವ್ವ ಸುಮ್ಮನೆ ಬಿಡುತ್ತಿರಲಿಲ್ಲ, ಬಾಯಿಬಿಟ್ಟು ಕೇಳುತ್ತಿದ್ದಳು.

"ನಿಮ್ ಜೇಬಲ್ಲಿ ಹಳೇ ಟಿಕೇಟ್ ಗಿಕೇಟ್ ಇದ್ರೆ ಕೊಟ್ಟೋಗಿ ಸ್ವಾಮಿ. ನಮ್ ಹುಡುಗಿಗೆ ಬೇಕಂತೆ."

ಒಬ್ಬರು ಪಾಪ, ಅವ್ವ ಟಿಕೆಟ್ ತಪಾಸಣೆಗೇ ನಿಂತಿದ್ದಾಳೆಂದುಕೊಂಡು, "ಇದೆ ಇದೆ, ತಗೊಂಡಿದೀನಿ" ಎಂದು ಎದ್ದು ನಿಂತು ಎಲ್ಲ ಜೇಬು ತಡಕಿದ್ದರು. ಈಗ ನನ್ನ ಮೊಮ್ಮಗಳ ಶಾಲೆಯಲ್ಲಿ ಹೀಗೆ ಹೆಕ್ಕಿದ್ದನ್ನು ಅಂಟಿಸುವುದಕ್ಕೆ ಕೊಲಾಜ್ ಎಂದು ಹೆಸರಿಟ್ಟು, ಅಂಗಡಿಯಿಂದ ಬಣ್ಣದ ಕಾಗದದ ಕಟ್ಟು ತರಿಸುತ್ತಾರೆ. ಹೆಕ್ಕದೆ ಸಿಕ್ಕ ಕಾಗದಕ್ಕೆ ರುಚಿ ಎಲ್ಲಿಂದ ಬರಬೇಕು? ನಾನು ಹಾಗೆಂದರೆ ಅವಳು, "ಅಜ್ಜಿ, ಪ್ಲೀಸ್" ಎನ್ನುತ್ತಾಳೆ. ಇರಲಿ.

ಅಂಟಿಸುವ ಕೆಲಸ ಶುರು ಮಾಡಿದವಳು ನಾನಲ್ಲ, ಅಪ್ಪನ ತಾಯಿ. ಹಾಸನದ ಕಡೆಯಿಂದ ಬಂದು ಅಜ್ಜ ಅಜ್ಜಿ ಆ ಮನೆ ಕಟ್ಟಿದಾಗ ಕಿಟಕಿಗೆ ಬಾಗಿಲು ಮಾಡಿಸುವುದು ಆಗಲಿಲ್ಲವಂತೆ. ಎಸ್ಟೇಟಿಗೆ ಸಾಮಾನು ತುಂಬಿ ಬಂದ ಪೆಟ್ಟಿಗೆಯ ತೆಳು ಹಲಗೆಗಳನ್ನೇ ಜೋಡಿಸಿ ಒಂದು ಕದ ಹೊಡೆದರು. ಹಲಗೆ ಹಲಗೆಯ ನಡುವೆ ಬೆರಳು ತೂರುವಷ್ಟು ಸಂದಿ. ಮಳೆಗಾಲದ ಗಾಳಿ ಆ ಸಂದಿಯಲ್ಲೇ ಮನೆಯೊಳಗೆ ಬರುತ್ತಿತ್ತು. ಅಜ್ಜಿ ಮೈದಾ ಹಿಟ್ಟು ಕುದಿಸಿ, ಜಿರಲೆ ತಿನ್ನದಿರಲೆಂದು ಚಿಟಿಕೆ ಮೈಲುತುತ್ತ ಹಾಕಿ ಅಂಟು ಕಾಯಿಸುತ್ತಿದ್ದಳು. ಆ ಅಂಟಿನ ಕರಟ ಅಡುಗೆಯ ಹತ್ತಿರ ಸುಳಿಯಕೂಡದು. ಸುಳಿದರೆ ನನ್ನ ಬೆನ್ನಿಗೆ ಏಟು ಬೀಳುತ್ತಿತ್ತು. ಆ ಅಂಟು ಹಿಡಿದರೆ ಬಿಡುವ ಮಾತೇ ಇಲ್ಲ. ಒಂದು ಸಲ ಅಪ್ಪನ ಚಪ್ಪಲಿಯ ಅಟ್ಟೆಯನ್ನೂ ಅದರಲ್ಲೇ ಅಂಟಿಸಿದ್ದಳು, ಇಡೀ ಬೇಸಿಗೆ ತಡೆಯಿತು. ಅಜ್ಜಿಗೆ ಓದು ಬರುತ್ತಿರಲಿಲ್ಲ. ಹಾಗಾಗಿ ಅವಳು ಅಂಟಿಸಿದ ಕಾಗದಗಳಲ್ಲಿ ಮಂತ್ರಿಗಳು ತಲೆಕೆಳಗಾಗಿ ಭಾಷಣ ಮಾಡುತ್ತಿದ್ದರು, ಸಿನಿಮಾದವರು ತಲೆಕೆಳಗಾಗಿ ಪ್ರೀತಿಸುತ್ತಿದ್ದರು. ತಪ್ಪಿಯಾದರೂ ಒಂದು ನೆಟ್ಟಗೆ ಬಿದ್ದದ್ದು ನನಗೆ ನೆನಪಿಲ್ಲ. ಅಪ್ಪ ಕಾಫಿ ಲೋಟ ಹಿಡಿದು ಕತ್ತು ಸೊಟ್ಟ ಮಾಡಿ ಆ ಹಳೆಯ ಸುದ್ದಿಗಳನ್ನೇ ಓದುತ್ತಿದ್ದ.

"ಎಲ್ಲಾ ತಲೆಕೆಳಗ್ ಅಂಟಿಸಿದಿಯಲ್ಲ."

"ಗಾಳಿಗೆ ಓದಕ್ ಬತ್ತದೇನ್ಲಾ? ತೂತ್ ಮುಚ್ಚಿದ್ರೆ ಸಾಕು," ಅಜ್ಜಿಯ ಉತ್ತರ.

ನನಗೆ ಎಂಟೊಂಬತ್ತು ವರ್ಷವಾದಾಗ ಕಿಟಕಿಯ ಒಳಮೈ ನನ್ನ ಕೈಗೆ ಬಂತು. ಅಲ್ಲಿ ನಾನು ಮತ್ತು ಅವ್ವ ಸೇರಿ ಸಮುದ್ರ ಮಾಡಿದೆವು. ಯಾಕೆ ಸಮುದ್ರವೇ ಎಂದರೆ, ಅವ್ವನಿಗೆ ಅದೊಂದೇ ಹುಚ್ಚು. ಅರಸೀಕೆರೆ ಕಡೆಯ ಬಯಲಲ್ಲಿ ಹುಟ್ಟಿದವಳು. ಅಲ್ಲಿ ಕೆರೆಯೂ ವರ್ಷಕ್ಕೆ ಆರು ತಿಂಗಳು ಒಣಗಿರುತ್ತಿತ್ತು. ಮದುವೆಯಾಗಿ ಬಂದ ವಾರದಲ್ಲೇ ಕಾವೇರಿ ನೋಡಿ, ಇಷ್ಟು ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಳಂತೆ. ಸಮುದ್ರಕ್ಕೆ ಎಂದ ಅಪ್ಪ, ತೋರಿಸುತ್ತೇನೆ ಎಂದೂ ಅಂದುಬಿಟ್ಟ. ಅವ್ವ ಆ ಮಾತನ್ನು ಬಿಗಿಯಾಗಿ ಹಿಡಿದುಕೊಂಡಳು. ಪ್ರತಿ ವರ್ಷ ಕೇಳುವುದು, ಪ್ರತಿ ವರ್ಷ ಅಪ್ಪ, "ಪಿಕಿಂಗ್ ಮುಗೀಲಿ ಕಣೆ" ಎನ್ನುವುದು. ಕಾಫಿ ಹಣ್ಣಿನ ಪಿಕಿಂಗ್ ಮುಗಿದರೆ ಒಣಗಿಸುವುದು, ಅದು ಮುಗಿದರೆ ಗಿಡ ಸವರುವ ಕಪಾತು, ಅದು ಮುಗಿದರೆ ಮಳೆ. ನಡುವೆ ಅಜ್ಜಿಯ ಒಗ್ಗರಣೆ ಬೇರೆ.

"ಒಳೆ ಮನೆ ಬಾಗಿಲಲ್ಲೇ ಐತೆ. ನೀರು ನೀರೇ ಅಲ್ವಾ ಲಕ್ಷ್ಮಿ? ಅಷ್ಟ್ ದೂರ ಹೋಗಿ ಉಪ್ಪುನೀರ್ ನೋಡಿ ಏನ್ ಬರಬೇಕು?"

ಅವ್ವ ಆಗ ಲೋಟಗಳನ್ನು ಸ್ವಲ್ಪ ಜೋರಾಗಿ ತೊಳೆಯುತ್ತಿದ್ದಳು. ಆಮೇಲೆ ಬಂದು ನನ್ನ ಪಕ್ಕ ಕೂತು ಕತ್ತರಿ ಹಿಡಿಯುತ್ತಿದ್ದಳು. ನೀರಿಗೆ ಬಟ್ಟೆನೀಲಿಯ ಪೊಟ್ಟಣದ ಕಾಗದ, ಮಿಂಚಿಗೆ ಸಿಗರೇಟಿನ ಬೆಳ್ಳಿಹಾಳೆ, ಮರಳಿಗೆ ನನ್ನ ಪುಸ್ತಕದ ಖಾಕಿ ಹೊದಿಕೆ. ತೆರೆಯ ನೊರೆಗೆ ಏನು ಮಾಡುವುದೆಂದು ತಿಳಿಯದೆ ಒದ್ದಾಡುತ್ತಿದ್ದಾಗ ಅಪ್ಪ ತೋಟದಿಂದ ಒಣಗಿದ ಸಿಲ್ವರ್ ಓಕ್ ಎಲೆ ತಂದು ಮಗುಚಿ ತೋರಿಸಿದ. ಹಿಂಬದಿ ಬೆಳ್ಳಗೆ, ಅಂಚು ಸೀಳು ಸೀಳು. ಅದಕ್ಕಿಂತ ಒಳ್ಳೆಯ ನೊರೆ ನಾನು ಇವತ್ತಿಗೂ ಕಂಡಿಲ್ಲ. ಟಿಕೆಟುಗಳೆಲ್ಲ ದೋಣಿಗಳಾದವು. ಆಚೆ ದಡದ ವಿಚಾರಕ್ಕೆ ಮಾತ್ರ ಮನೆಯಲ್ಲಿ ದೊಡ್ಡ ಚರ್ಚೆ ನಡೆಯಿತು. ಆಚೆ ದಡ ಇರುವುದಿಲ್ಲ ಎಂದು ಅಪ್ಪ. ದಡ ಇಲ್ಲದಿದ್ದರೆ ನೀರು ನಿಲ್ಲುವುದು ಹೇಗೆ ಎಂದು ಅಜ್ಜಿ. ಅವ್ವ ಆ ಒಂದು ವಿಷಯದಲ್ಲಿ ಅತ್ತೆಯ ಪಕ್ಷ. ಕೊನೆಗೆ ಮೂರು ಹೆಂಗಸರ ಮಾತೇ ಗೆದ್ದು, ಸಮುದ್ರದ ಆಚೆ ದಡದಲ್ಲಿ ಬಿದಿರು ಮೆಳೆ ಬಂತು, ಮೆಳೆಯ ಪಕ್ಕ ಒಂದು ಆನೆಯೂ ಬಂತು. ಹಗಲು ಕಿಟಕಿ ತೆರೆದರೆ ರಸ್ತೆ, ಸಂಜೆ ಮುಚ್ಚಿದರೆ ಸಮುದ್ರ. ದೀಪ ಹಚ್ಚಿದ ಮೇಲೆ ಅವ್ವ ಸ್ವಲ್ಪ ಹೊತ್ತು ಅದರ ಮುಂದೆ ಸುಮ್ಮನೆ ಕೂರುತ್ತಿದ್ದಳು.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ ಅಪ್ಪನಿಗೆ ಅದೇನಾಯಿತೋ, ದಸರಾ ರಜೆಯಲ್ಲಿ ಎರಡು ದಿನ ರಜೆ ಕೇಳಿ ಪಡೆದೇಬಿಟ್ಟ. ಮಂಗಳೂರಿಗೆ ಹೋಗುವುದು, ಎಸ್ಟೇಟಿನ ಡ್ರೈವರಣ್ಣನ ನೆಂಟರ ಮನೆಯಲ್ಲಿ ಒಂದು ರಾತ್ರಿ ಉಳಿಯುವುದು, ಮರುದಿನ ವಾಪಸ್. ಅಪ್ಪ, ಅವ್ವ, ನಾನು. ಹಸು ನೋಡಿಕೊಳ್ಳಲು ಅಜ್ಜಿ ಮನೆಯಲ್ಲಿ. ದಸರಾ ರಜೆಯಲ್ಲಿ ಬಸ್ಸುಗಳು ತುಂಬಿ ತುಳುಕುವುದರಿಂದ ಅಪ್ಪ ಮೊದಲೇ ಕುಶಾಲನಗರಕ್ಕೆ ಹೋಗಿ ಸೀಟು ಹಿಡಿದು ಬಂದ. "ಸೀಟ್ ಸಿಕ್ತು" ಎಂದ. ಬಾಯಿಮಾತಿನಲ್ಲಿ ಕಂಡಕ್ಟರಿಗೆ ಹೇಳಿ ಬಂದಿದ್ದಾನೆಂದು ನಾನು ತಿಳಿದೆ. ಮರುದಿನ ಮಧ್ಯಾಹ್ನ ಸಕ್ಕರೆ ಡಬ್ಬಿಯ ಕೆಳಗೆ ಒಂದು ಗುಲಾಬಿ ಬಣ್ಣದ ಚೀಟಿ ಕಣ್ಣಿಗೆ ಬಿತ್ತು. ಆಹಾ, ಅಂಥ ಗುಲಾಬಿ ನನ್ನ ಇಡೀ ಸಂಗ್ರಹದಲ್ಲಿ ಇರಲಿಲ್ಲ! ನನ್ನ ದೊಡ್ಡ ದೋಣಿಗೆ ಹಾಯಿ ಇರದೆ ಎಷ್ಟೋ ದಿನವಾಗಿತ್ತು. ನೀವು ನಂಬಬೇಕು, ಅದು ಮುಂದೆ ಹೋಗಬೇಕಾದ ಪ್ರಯಾಣದ ಚೀಟಿ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ನಾನು ಕಂಡ ಟಿಕೆಟುಗಳೆಲ್ಲ ಪ್ರಯಾಣ ಮುಗಿಸಿ, ಮಡಚಿ, ಮುದುಡಿ ನಮ್ಮ ಜಗಲಿಗೆ ಬಂದವು. ಟಿಕೆಟು ಎಂದರೆ ಮುಗಿದದ್ದು. ಮುಗಿದದ್ದರ ಜಾಗ ಕಿಟಕಿ. ಪುಣ್ಯಕ್ಕೆ ಕತ್ತರಿ ಆಡಿಸಲಿಲ್ಲ, ಅಳತೆ ಸರಿಯಾಗಿಯೇ ಇತ್ತು. ಅಜ್ಜಿಯ ಕರಟದಿಂದ ಅಂಟು ಹಚ್ಚಿ, ನಾಲ್ಕು ಮೂಲೆಯನ್ನೂ ಅಂಗೈಯಿಂದ ಒತ್ತಿ ಒತ್ತಿ ಕೂರಿಸಿದೆ.

ಅಜ್ಜಿ ಹಿತ್ತಲಿನಿಂದ ಬಂದವಳು ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಓದು ಬರದಿದ್ದರೇನು, ಬಣ್ಣ ಗುರುತು ಹಿಡಿಯಲು ಬರುತ್ತಿತ್ತಲ್ಲ. ಬೆಳಿಗ್ಗೆ ಅಪ್ಪ ಅದನ್ನು ಅವಳಿಗೂ ತೋರಿಸಿ, ಜೋಪಾನ ಎಂದು ಹೇಳಿ ಹೋಗಿದ್ದ.

"ಅಯ್ಯೋ ಕೂಸೆ, ಏನ್ ಮಾಡ್ದೆ? ಅದು ಬಸ್ಸಿನ ಚೀಟಿ ಕಣೆ! ನಾಳಿದ್ದು ಓಗೋ ಚೀಟಿ!"

ಕೀಳಲು ಉಗುರು ಹಾಕಿದೆ, ಅಜ್ಜಿ ಕೈ ಹಿಡಿದಳು. ಅಷ್ಟರಲ್ಲಿ ಅವ್ವ ಜಗಲಿಯಿಂದ ಒಳಗೆ ಬಂದು ಡಬ್ಬಿ ಎತ್ತಿ ನೋಡಿದಳು, ನಮ್ಮ ಮುಖ ನೋಡಿದಳು, ಆಮೇಲೆ ಕಿಟಕಿ ನೋಡಿದಳು. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಮುಂದೆ ಬಂದಳು.

"ನಾನೇ ಅಂಟಿಸ್ದೆ ಕಣವ್ವ. ಹಳೇದು ಅನ್ಕಂಡೆ."

ಅವ್ವ ನಂಬಿದಳು. ಆ ಕ್ಷಣದಲ್ಲಿ ನಂಬಲು ಕಾರಣವೂ ಇತ್ತು, ಹತ್ತು ವರ್ಷದ ನೀರು ನೀರೇ ಎಂಬ ಮಾತು ಇತ್ತಲ್ಲ. ನಮ್ಮವ್ವ ಅತ್ತೆಗೆ ಎದುರಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಅಲ್ಲತ್ತೆ, ನಾನ್ ಹೋಗೋದು ನಿಮ್ಗೆ ಇಷ್ಟ ಇಲ್ಲ ಅಂದ್ರೆ ಬಾಯ್ಬಿಟ್ಟು ಹೇಳ್ಬೋದಿತ್ತು. ಇಂಗ್ ಮಾಡ್ಬಾರ್ದಿತ್ತು. ಬೇಕ್ ಬೇಕಂತ್ಲೇ ಮಾಡಿದೀರ."

ಅಜ್ಜಿ ಕರಟ ಎತ್ತಿಕೊಂಡು ಹಿತ್ತಲಿಗೆ ಹೋದಳು. ನಾನು ನಿಂತಲ್ಲೇ ನಿಂತೆ. ಹೇಳಬೇಕಿತ್ತು, ನನ್ನ ಬಾಯಿಗೂ ಅಜ್ಜಿಯ ಅಂಟೇ ಮೆತ್ತಿದಂತೆ ಆಗಿತ್ತು. ನನಗೆ ಹೊಡೆತದ ಭಯ ಇರಲಿಲ್ಲ, ನಮ್ಮವ್ವ ಹೊಡೆಯುವವಳಲ್ಲ. ಹತ್ತು ವರ್ಷ ಕಾದವಳ ಸಮುದ್ರ ಕೆಡಿಸಿದ್ದು ನಾನು ಎಂದು ಅವಳಿಗೆ ಗೊತ್ತಾಗುವುದೇ ಭಯ. ನಾಚಿಕೆಗೇಡಿನ ಮಾತು, ಆದರೂ ಹೇಳುತ್ತೇನೆ: ಅಜ್ಜಿ ಸುಳ್ಳು ಹೇಳಿದ್ದಕ್ಕೆ ನನಗೆ ಒಳಗೊಳಗೇ ಸಮಾಧಾನವಾಯಿತು.

ಸಂಜೆ ಅಪ್ಪ ಬಂದ ಮೇಲೆ ಚೀಟಿ ಬಿಡಿಸುವ ಪ್ರಯತ್ನ ನಡೆಯಿತು. ಕುದಿಯುವ ಕೆಟಲು ಹಿಡಿದು ಅವ್ವ ಆವಿ ಕೊಟ್ಟಳು, ಅಪ್ಪ ಬ್ಲೇಡು ಹಿಡಿದು ಮೂಲೆ ಎತ್ತಿದ. ಮೂಲೆ ಬಂತು, ಅದರ ಜೊತೆ ಹಲಗೆಯ ಸಿಬಿರೂ ಬಂತು. ಇನ್ನೊಂಚೂರು ಎಳೆದರೆ ಸೀಟಿನ ನಂಬರೇ ಹರಿದು ಹೋಗುತ್ತಿತ್ತು. ಅವ್ವ ಚೀಟಿಯ ಹತ್ತಿರ ಮುಖವಿಟ್ಟು ಬಹಳ ಹೊತ್ತು ನೋಡುತ್ತಿದ್ದಳು, ಆಮೇಲೆ ಕೆಟಲು ಕೆಳಗಿಟ್ಟು ಒಲೆಯ ಮುಂದೆ ಕೂತಳು. ಹೊಸದಾಗಿ ಸೀಟು ಹಿಡಿಯೋಣವೆಂದರೆ ಬಸ್ಸು ತುಂಬಿತ್ತು. ಅಪ್ಪ ಕಿಟಕಿಯನ್ನು ಮೇಲೆ ಕೆಳಗೆ ನೋಡಿದ, ಬೆರಳಿನಿಂದ ತಟ್ಟಿದ, ಕೀಲಿನ ತಿರುಪುಗಳನ್ನು ಮುಟ್ಟಿ ನೋಡಿದ.

"ಚೀಟಿ ಬರಲ್ಲ ಅಂದ್ರೆ ಕಿಟಕಿನೇ ಬರ್ಲಿ."

"ತಲೆ ಕೆಟ್ಟೈತಾ ನಿಮ್ಗೆ? ಜನ ನಗಾಡ್ತಾರೆ."

"ನಗ್ಲಿ ಬಿಡು. ನಕ್ರೆ ಅವ್ರ್ ಹಲ್ ಕಾಣ್ತವೆ, ನಮ್ದೇನ್ ಹೋಗ್ತದೆ?"

ಹೊರಡುವ ದಿನ ಬೆಳಕು ಹರಿಯುವಾಗ ಅಪ್ಪ ತಿರುಪು ಬಿಚ್ಚಿ ಕದ ಇಳಿಸಿದ. ಗೋಡೆಯಲ್ಲಿ ಬರೀ ಚೌಕ ಉಳಿಯಿತು. ಅಜ್ಜಿ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಬಾಳೆಲೆಯಲ್ಲಿ ಕಟ್ಟಿ ಕೊಟ್ಟಳು. ಅವ್ವ ತೆಗೆದುಕೊಂಡಳು, ಅತ್ತೆಯ ಮುಖ ನೋಡಲಿಲ್ಲ. ಎರಡು ದಿನದಿಂದ ಇಬ್ಬರ ನಡುವೆ ಉಪ್ಪು ಎಲ್ಲಿ, ಹಸು ಕರೆದಾಯ್ತಾ ಎಂಬಷ್ಟೇ ಮಾತು. ಹಾಲಿನ ಜೀಪಿನಲ್ಲಿ ಕ್ಯಾನುಗಳ ನಡುವೆ ಕಿಟಕಿ ನಿಲ್ಲಿಸಿಕೊಂಡು ಕುಶಾಲನಗರ ತಲುಪಿದೆವು. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಅಪ್ಪ ಕಿಟಕಿಯನ್ನು ತಲೆಯ ಮೇಲೆ ಹೊತ್ತು, "ಸೈಡು, ಸೈಡು" ಎನ್ನುತ್ತ ಹತ್ತಿದ. ಕಂಡಕ್ಟರ್ ಮಂಗಳೂರಿನ ಕಡೆಯವನು, ನೋಡಿ ಬಾಯಿ ತೆರೆದ.

"ಎಂತ ಮಾರಾಯ್ರೆ ಇದು? ಬಸ್ಸಲ್ಲಿ ಕಿಟಕಿ ಉಂಟಲ್ಲ, ನೀವು ಬೇರೆ ತಂದದ್ದಾ?"

"ಟಿಕೇಟ್ ಇದ್ರಲ್ಲೈತೆ. ನೋಡಿ, ಈ ದೋಣಿ ಮೇಲೆ."

ಕಂಡಕ್ಟರ್ ಬಗ್ಗಿ ನೋಡಿದ. ಪೆನ್ಸಿಲ್ ಕಿವಿಯಿಂದ ತೆಗೆದು ಮೂರು ಸೀಟಿನ ನಂಬರು ಓದಿದ, ಅಪ್ಪನ ಮುಖ ನೋಡಿದ, ಮತ್ತೆ ಓದಿದ. ಇಡೀ ಬಸ್ಸು ಕತ್ತು ಚಾಚಿತ್ತು. ಇವನು ಆಗುವುದಿಲ್ಲ ಎಂದರೆ ಅವ್ವ ಇಲ್ಲಿಂದಲೇ ವಾಪಸ್, ಅಜ್ಜಿಯ ಮೇಲಿನ ಸಿಟ್ಟು ಜನ್ಮಪೂರ್ತಿ.

"ಸೀಟು ಸರಿ ಉಂಟು. ಕೂತ್ಕೊಳ್ಳಿ," ಎಂದ. ನಾವು ಉಸಿರು ಬಿಡುವಷ್ಟರಲ್ಲಿ, "ಆದ್ರೆ ಈ ಕಿಟಕಿಗೆ ಲಗೇಜ್ ಟಿಕೆಟ್ ಆಗ್ತದೆ" ಎಂದು ಒಂದು ಹಳದಿ ಚೀಟಿ ಹರಿದು ನನ್ನ ಕೈಗೇ ಕೊಟ್ಟ.

ಮಡಿಕೇರಿ ಬರುವಷ್ಟರಲ್ಲಿ ನಮ್ಮ ಕಿಟಕಿ ಬಸ್ಸಿನ ಹಿಂದಿನ ಸೀಟಿನವರೆಗೂ ಹೋಗಿ ಬಂದಿತ್ತು. ಯಾರೋ ಒಬ್ಬ ಅಜ್ಜ ಕನ್ನಡಕ ಏರಿಸಿ, ಈ ರೈಲು ಟಿಕೆಟು ನಾನು ಕೆಲಸ ಮಾಡಿದ ಊರಿನದು ಎಂದು ಖುಷಿಪಟ್ಟರು. ಕೊಡೆ ಹಿಡಿದ ಟೀಚರಮ್ಮ ಒಬ್ಬರು ಸಮುದ್ರದಾಚೆಯ ಆನೆ ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ನಕ್ಕು ತಮ್ಮ ಪುಸ್ತಕದಲ್ಲಿ ಗುರುತಿಗೆ ಇಟ್ಟುಕೊಂಡಿದ್ದ ನವಿಲುಗರಿಯನ್ನೇ ಕೊಟ್ಟರು. ಸಂಪಾಜೆ ಘಾಟಿಯ ತಿರುವುಗಳಲ್ಲಿ ನಾನು ತಲೆ ತಗ್ಗಿಸಿ ಕೂತುಬಿಟ್ಟೆ. ಎಲ್ಲರೂ ಘಾಟಿಯಿಂದ ಎಂದುಕೊಂಡು ನಿಂಬೆಹಣ್ಣು ಮೂಸಲು ಕೊಟ್ಟರು. ಘಾಟಿಯಿಂದ ಅಲ್ಲ ಎಂದು ನನಗೆ ಗೊತ್ತಿತ್ತು. ಬಾಳೆಲೆ ಬಿಚ್ಚಿದಾಗ ಅಜ್ಜಿ ನನ್ನ ಪಾಲಿನ ರೊಟ್ಟಿಗೆ ಮಾತ್ರ ಬೆಣ್ಣೆ ಸವರಿದ್ದು ಕಂಡಿತು. ಅದನ್ನು ಹಾಗೇ ಮಡಚಿ ಬಾಳೆಲೆಯಲ್ಲಿ ಸುತ್ತಿಟ್ಟೆ.

ಕಡಲ ತೀರಕ್ಕೂ ಕಿಟಕಿ ಬಂತು, ಎಲ್ಲಿ ಬಿಡುವುದು ಮತ್ತೆ? ಕಡಲೆಕಾಯಿ ಮಾರುವವನೊಬ್ಬ ಅದನ್ನು ಬಾಡಿಗೆಗೆ ಕೊಡ್ತೀರಾ, ಹರಡಿ ಕೂರುತ್ತೇನೆ ಎಂದು ಕೇಳಿದ. ಅಪ್ಪ ಅವನ ಜೊತೆ ಮಾತಿಗೆ ನಿಂತ. ಅವ್ವ ಚಪ್ಪಲಿ ಬಿಟ್ಟು, ಸೀರೆಯ ನೆರಿಗೆ ಎತ್ತಿ ಹಿಡಿದು ಮುಂದೆ ಹೋದಳು. ಮೊದಲ ತೆರೆ ಬಂದು ಪಾದ ತೋಯಿಸಿದಾಗ ಚಿಕ್ಕ ಹುಡುಗಿಯ ಹಾಗೆ ಕಿರುಚಿದಳು. ಆಮೇಲೆ ಹಣೆಯ ಮೇಲೆ ಕೈಯಿಟ್ಟು ದೂರ ನೋಡಿದಳು.

"ಆಚೆ ದಡನೇ ಇಲ್ವಲ್ಲೇ ಪುಟ್ಟಿ!"

ಅವಳ ಮುಖದಲ್ಲಿ ಅಂಥ ಸಂತೋಷ ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅದನ್ನು ನೋಡಿಯೇ ನನಗೆ ಅಳು ಒತ್ತರಿಸಿ ಬಂತು. ಬಿಕ್ಕುತ್ತಲೇ ಹೇಳಿದೆ.

"ಚೀಟಿ ಅಂಟಿಸಿದ್ದು ಅಜ್ಜಿ ಅಲ್ಲವ್ವ. ನಾನು."

ಅವ್ವ ನನ್ನ ಕಡೆ ತಿರುಗಲಿಲ್ಲ. ನೀರನ್ನೇ ನೋಡುತ್ತ ನನ್ನ ತಲೆ ಮೇಲೆ ಒದ್ದೆ ಕೈ ಇಟ್ಟಳು.

"ಗೊತ್ತು. ಆವಿ ಹಿಡಿಯೋವಾಗ್ಲೇ ಗೊತ್ತಾಯ್ತು. ಚೀಟಿ ನೆಟ್ಟಗಿತ್ತು. ನಿಮ್ಮಜ್ಜಿ ಜನ್ಮದಲ್ಲಿ ಒಂದ್ ಕಾಗ್ದ ನೆಟ್ಟಗೆ ಅಂಟಿಸಿದಾಳಾ?"

"ಮತ್ತೆ ಯಾಕ್ ಸುಮ್ನಿದ್ದೆ?"

"ನೀನೇ ಹೇಳ್ಲಿ ಅಂತ ಕಾದೆ." ನೆರಿಗೆ ಇನ್ನಷ್ಟು ಎತ್ತಿ ಹಿಡಿದು ಹೇಳಿದಳು, "ನನ್ ತಪ್ಪೂ ಐತಲ್ಲ. ಬೇಕಂತ್ಲೇ ಮಾಡಿದೀರ ಅಂದ್ಬಿಟ್ಟೆ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಎರಡ್ ದಿನದಿಂದ ಅತ್ತೆ ಮುಖ ನೋಡಕ್ಕೆ ನಂಗೇ ಆಗ್ಲಿಲ್ಲ."

ನಾವಿಬ್ಬರೂ ಅಲ್ಲೇ ಮರಳಲ್ಲಿ ಕೂತು ಆ ಬೆಣ್ಣೆ ಸವರಿದ ರೊಟ್ಟಿಯನ್ನು ಹಂಚಿ ತಿಂದೆವು. ಮರಳು ಸೇರಿ ಕಟುಂ ಕಟುಂ ಎನ್ನುತ್ತಿತ್ತು, ಆದರೂ ಹಾಳಾಗಿರಲಿಲ್ಲ.

ಮರುದಿನ ಸಂಜೆ ಮನೆಗೆ ಬಂದರೆ ಜಗಲಿಯಲ್ಲಿ ಯಾರೂ ಇಲ್ಲ, ಜನವೆಲ್ಲ ಗೋಡೆಯ ಹತ್ತಿರ. ಕದ ಇಲ್ಲದ ಕಿಟಕಿಯ ಹಿಂದೆ ಅಜ್ಜಿ ಮೊಣಕೈ ಊರಿ ನಿಂತು ಚಾ ಕೊಡುತ್ತಿದ್ದಳು. ಹಿಂದಿನ ದಿನ ಕೋತಿಯೊಂದು ಒಳಗೆ ನುಗ್ಗಿ ಬಾಳೆಗೊನೆಗೆ ಕೈ ಹಾಕಿತಂತೆ. ಕಾಯುವುದು ಹೇಗೂ ತಪ್ಪಿದ್ದಲ್ಲ, ನಿಂತಲ್ಲೇ ವ್ಯಾಪಾರ ಮಾಡಿದರಾಯಿತು ಎಂದು ಒಲೆಯನ್ನೇ ಅಲ್ಲಿಗೆ ಎಳೆದುಕೊಂಡಿದ್ದಳು. ಅವ್ವ ಚೀಲ ಕೆಳಗಿಟ್ಟು ಸೀದಾ ಕಿಟಕಿಯ ಹತ್ತಿರ ಹೋದಳು. ಗಿರಾಕಿಗಳ ಎದುರಿಗೇ ಅತ್ತೆಯ ಎರಡೂ ಕೈ ಹಿಡಿದುಕೊಂಡಳು.

"ಅತ್ತೆ, ಅವತ್ತು ಅಂದಿದ್ದು ಮನಸಲ್ಲಿಟ್ಕಬೇಡಿ. ತಪ್ಪಾಯ್ತು."

ಅಜ್ಜಿ ನನ್ನನ್ನೊಮ್ಮೆ ನೋಡಿದಳು, ಅವಳಿಗೆ ಎಲ್ಲ ತಿಳಿಯಿತು. "ಕೈ ಬಿಡೆ, ಆಲು ಉಕ್ತದೆ" ಎಂದಳು. ಆಮೇಲೆ ಹಾಲು ಇಳಿಸಿ, ಸೆರಗಿನಿಂದ ಮೂಗು ಒರೆಸಿಕೊಂಡು ಕೇಳಿದಳು.

"ದಡ ಇತ್ತಾ?"

"ಇಲ್ಲ ಅತ್ತೆ."

"ಸುಳ್ ಹೇಳ್ತಿಯಾ. ನಾನ್ ನೋಡೋಗಂಟ ನಂಬಲ್ಲ."

ಹಾಗೆ ಅಜ್ಜಿಯ ಬಾಯಿಂದ ಮೊದಲ ಸಲ ಸಮುದ್ರ ನೋಡುವ ಮಾತು ಬಂತು. ಅವ್ವ ಬಿಡುತ್ತಾಳೆಯೇ? ಮುಂದಿನ ದಸರಾಕ್ಕೆ ಅತ್ತೆ ಸೊಸೆ ಇಬ್ಬರೇ ಹೋದರು. ಈ ಸಲ ಚೀಟಿಯನ್ನು ಅಜ್ಜಿ ತನ್ನ ಎಲೆಅಡಿಕೆ ಚೀಲದಲ್ಲಿ ಗಂಟು ಹಾಕಿ, ಹೋಗುವ ದಿನದವರೆಗೂ ಆ ಚೀಲವನ್ನು ಸೊಂಟದಿಂದ ಇಳಿಸಲಿಲ್ಲ. ನಾನು ಅಂಗಡಿ ನೋಡಿಕೊಂಡೆ. ಆ ಘಟನೆಯಿಂದ ನನಗೊಂದು ಚಾಳಿ ಅಂಟಿಕೊಂಡಿದೆ: ತಪ್ಪು ಮಾಡಿದ ಕೂಡಲೇ ಒಪ್ಪಿಕೊಂಡುಬಿಡುತ್ತೇನೆ. ಅವಸರದಲ್ಲಿ ಕೆಲವು ಸಲ ಮಾಡದ ತಪ್ಪನ್ನೂ ಒಪ್ಪಿಕೊಳ್ಳುವುದರಿಂದ ನನ್ನ ಗಂಡನಿಗೆ ಬಹಳ ಅನುಕೂಲವಾಗಿದೆ.

ಈಗ ಆ ಕದ ನನ್ನ ಮನೆಯ ನಡುಕೋಣೆಯ ಗೋಡೆಯ ಮೇಲಿದೆ. ನೀಲಿ ಬೂದಿಯಾಗಿದೆ, ಸಿಲ್ವರ್ ಓಕ್ ಎಲೆ ಪುಡಿಯಾಗಿ ನಾರಷ್ಟೇ ಉಳಿದಿದೆ. ಗುಲಾಬಿ ಹಾಯಿ ಇದೆ, ಅದರ ಪಕ್ಕ ಕಿಟಕಿಯದೇ ಹಳದಿ ಲಗೇಜ್ ಚೀಟಿ ಇದೆ. ಸಮುದ್ರದಿಂದ ಬಂದ ದಿನ ಅಜ್ಜಿ ಚಪ್ಪಲಿ ಬಿಡುವುದಕ್ಕೂ ಮೊದಲು ಅಂಟು ಕಾಯಿಸಿ, ತನ್ನ ಚೀಟಿಯನ್ನು ತಾನೇ ಅಂಟಿಸಿದಳು. ಆಚೆ ದಡದ ಬಿದಿರು, ಆನೆ ತೆಗೆಯೋಣವೇ ಎಂದು ನಾನು ಕೇಳಿದ್ದಕ್ಕೆ, "ಇರ್ಲಿ ಬಿಡೆ, ನಮ್ ಕಣ್ಗೆ ಕಾಣ್ನಿಲ್ಲ ಅಷ್ಟೆ" ಎಂದಳು. ಮೊನ್ನೆ ಮೊಮ್ಮಗಳು ಸ್ಟೂಲು ಹತ್ತಿ ನಿಂತು, ನಮ್ಮಜ್ಜಿಯ ಚೀಟಿ ಮುಟ್ಟಿ, ಈ ಟಿಕೆಟು ತಲೆಕೆಳಗಾಗಿದೆ, ಬಿಡಿಸಿ ಸರಿ ಮಾಡಲಾ ಎಂದಳು. ಕೈ ತೆಗಿ ಎಂದು ಗದರಿದೆ. ಅದರ ಮೇಲೆ ಅಂಗೈಯಿಟ್ಟು, ನಾಲ್ಕೂ ಮೂಲೆ ಗಟ್ಟಿಯಾಗಿ ಹಿಡಿದಿವೆಯೇ ಎಂದು ನೋಡಿದೆ. ಹಿಡಿದಿದ್ದವು.